ದೇವಿಯ ಲಂಗ ಒಗೆದವಳು

ಸೀಟಿಗೆ ಸೀಟಿ ಎಂಬ ಹೆಸರು ಕೊಟ್ಟದ್ದು ಗುಬ್ಬಿ ರೈಲ್ವೆ ಸ್ಟೇಷನ್ನು. ಆ ವರ್ಷ ಹಕ್ಕಿಪಿಕ್ಕಿಗಳ ಗುಡಾರಗಳು ಸ್ಟೇಷನ್ನಿನ ಹಿಂದಿನ ಬಯಲಿನಲ್ಲಿದ್ದವು. ಅವಳ ತಾಯಿ ನೋವು ತಿನ್ನುತ್ತಿದ್ದಾಗ ಗಾರ್ಡು ಸೀಟಿ ಊದಿದ, ರೈಲು ಹೊರಟಿತು, ಮಗು ಬಂತು. ಈ ಜನರಲ್ಲಿ ಹೆಸರಿಡಲು ಪಂಚಾಂಗ ಬೇಡ, ಪುರೋಹಿತರು ಬೇಡ. ಮಗು ನೆಲಕ್ಕೆ ಬೀಳುವ ಹೊತ್ತಿಗೆ ಕಣ್ಣಿಗೆ ಬಿದ್ದದ್ದೋ ಕಿವಿಗೆ ಬಿದ್ದದ್ದೋ ಹೆಸರಾಗುತ್ತದೆ. ಸೀಟಿಯ ಅಪ್ಪ ಹುಟ್ಟಿದ ದಿನ ಗುಡಾರ ಕೀಳಿಸಲು ಅಮಲ್ದಾರರು ಬಂದಿದ್ದರಂತೆ, ಆದ್ದರಿಂದ ಅವನ ಹೆಸರು ಅಮಲ್ದಾರ. ಬೆಂಗಳೂರಿನಲ್ಲಿ ಹೈಕೋರ್ಟಿನ ಬೇಲಿಯ ಪಕ್ಕದಲ್ಲಿ ಹುಟ್ಟಿದ ಮುದುಕನೊಬ್ಬ ಹೈಕೋರ್ಟ್ ಎಂದೇ ಹೆಸರಾಗಿ, ಮುಂದೆ ಕುಲದ ನ್ಯಾಯ ಹೇಳುವ ಯಜಮಾನನೂ ಆದ. ನಗುವವರು ನಗಲಿ. ನಾವು ಮಾತ್ರ ಹುಟ್ಟಾ ಜಗಳಗಂಟನಿಗೆ ಶಾಂತಕುಮಾರ ಎಂದು ಹೆಸರಿಟ್ಟು ಗಂಭೀರವಾಗಿ ಕೂಗುತ್ತಿರುತ್ತೇವೆ.

ಈ ಹೆಸರುಗಳನ್ನು ಕೇಳಿ ನಗದೆ, ಮನಸ್ಸಿಗೆ ಹಚ್ಚಿಕೊಂಡು ಕೊರಗಿದ ಒಬ್ಬ ಮನುಷ್ಯ ತುಮಕೂರಿನಲ್ಲಿದ್ದರು. ಅವರು ವೆಂಕಟೇಶಯ್ಯ, ನಿವೃತ್ತ ಹೆಡ್‌ಮಾಸ್ತರು. ತಿದ್ದುವುದು ಅವರಿಗೆ ಉಸಿರಾಟದಷ್ಟೇ ಸಹಜ. ಮದುವೆ ಮನೆಗೆ ಹೋದರೆ ಲಗ್ನಪತ್ರಿಕೆಯ ತಪ್ಪು ತಿದ್ದುತ್ತಿದ್ದರು, ತಿಥಿಯ ಮನೆಗೆ ಹೋದರೆ ಪುರೋಹಿತರ ಉಚ್ಚಾರ ತಿದ್ದುತ್ತಿದ್ದರು. ಮೇಷ್ಟರ ಕೆಲಸದಿಂದ ನಿವೃತ್ತಿಯಾದ ಮೇಲೆ ತಿದ್ದಲು ಏನೂ ಸಿಗದೆ ಒದ್ದಾಡುತ್ತಿದ್ದಾಗ ಹಕ್ಕಿಪಿಕ್ಕಿಗಳು ಸಿಕ್ಕಿದರು. ಹೀಗೆ ಹುಟ್ಟಿತು ‘ವನಕುಲ ಸಂಸ್ಕಾರ ಸಮಿತಿ’. ವೆಂಕಟೇಶಯ್ಯ ಕಾರ್ಯದರ್ಶಿ. ಅವರ ಹೆಂಡತಿ ಸರಸ್ವತಮ್ಮ ಸಮಿತಿಯ ಹಾಸ್ಟೆಲಿನ ಮೇಲ್ವಿಚಾರಕಿ.

ಎಪ್ಪತ್ತೈದನೇ ಇಸವಿ. ತುರ್ತು ಪರಿಸ್ಥಿತಿಯ ಕಾಲ. ಗುಡಾರ ಕಂಡಲ್ಲಿ ಲಾಠಿ ಬರುತ್ತಿತ್ತು. ಲಾಠಿಯ ಹಿಂದೆಯೇ ವೆಂಕಟೇಶಯ್ಯನವರೂ ಬಂದರು, ಕೈಮುಗಿದುಕೊಂಡು. ಬೆಳ್ಳಾವಿಯ ಹತ್ತಿರ ಸಮಿತಿಗೆ ಜಾಗ ಸಿಕ್ಕಿದೆ, ಹೆಂಚಿನ ಮನೆ ಕಟ್ಟಿಸಿಕೊಡುತ್ತೇವೆ, ಯಾವ ಪೊಲೀಸನೂ ಮುಟ್ಟುವುದಿಲ್ಲ. ಆದರೆ ಮಕ್ಕಳನ್ನು ಮಾತ್ರ ತುಮಕೂರಿನ ಹಾಸ್ಟೆಲಿಗೆ ಕೊಡಬೇಕು. ಅಮಲ್ದಾರ ಲಾಠಿಯನ್ನೂ ನೋಡಿದ, ಮುಗಿದ ಕೈಗಳನ್ನೂ ನೋಡಿದ. ಐದು ವರ್ಷದ ಮಗಳನ್ನು ಜೀಪಿಗೆ ಹತ್ತಿಸಿದ.

ಹಾಸ್ಟೆಲಿನ ಮೊದಲ ದಿನವೇ ಸೀಟಿಯ ಕೂದಲು ಹೋಯಿತು, ಕೊರಳಿನ ಮಣಿಸರ ಒಲೆಗೆ ಹೋಯಿತು, ಹೆಸರೂ ಹೋಯಿತು. ವೆಂಕಟೇಶಯ್ಯ ಅವಳನ್ನು ಹತ್ತಿರ ಕರೆದು, ಹಕ್ಕಿ ಹಿಡಿಯುವ ಕುಲದವಳಾದ್ದರಿಂದ ಹಕ್ಕಿಯ ನಂಟಿರುವ ಸಂಸ್ಕೃತ ಹೆಸರೇ ಇರಲಿ ಎಂದು ದೊಡ್ಡ ಮನಸ್ಸು ಮಾಡಿ ‘ಶಕುಂತಲಾ’ ಎಂದರು. ಅವಳ ಜೊತೆಗೆ ಬಂದ ಮಿಠಾಯಿ ಮಂಜುಳೆಯಾದಳು, ಬಾಂಬೆ ಎಂಬ ಹುಡುಗ ಭಾರ್ಗವನಾದ. ತಮ್ಮ ವಾಗ್ರಿ ಮಾತಿನಲ್ಲಿ ಪಿಸುಗುಟ್ಟಿದವರು ಬಿಸಿಲಿನಲ್ಲಿ ಕಿವಿ ಹಿಡಿದುಕೊಂಡು ನಿಂತು ಶ್ಲೋಕ ಹೇಳಬೇಕಿತ್ತು. ಈ ಏರ್ಪಾಟಿನಿಂದ ಮಕ್ಕಳಿಗೆ ಶ್ಲೋಕಗಳು ಬೇಗ ಬಂದವು, ಮಾತು ಬೇಗ ಹೋಯಿತು. ವೆಂಕಟೇಶಯ್ಯನವರು ಇದನ್ನು ಎರಡು ಲಾಭ ಎಂದು ವಾರ್ಷಿಕ ವರದಿಯಲ್ಲಿ ಬರೆದರು.

ಎಲ್ಲಕ್ಕಿಂತ ದೊಡ್ಡ ವ್ರತ ಮಾಂಸದ್ದು. ದಿನಾ ಬೆಳಿಗ್ಗೆ ಮಕ್ಕಳು ಕೈ ಜೋಡಿಸಿ ‘ಪ್ರಾಣಿಯನ್ನು ತಿನ್ನುವವನು ಪ್ರಾಣಿ, ನಾನು ಮನುಷ್ಯ’ ಎಂದು ಗಟ್ಟಿಯಾಗಿ ಹೇಳಬೇಕು. ಹೇಳುತ್ತಾ ಹೇಳುತ್ತಾ, ಹಾಗಾದರೆ ಅಪ್ಪ ಯಾರು ಎಂದು ಯಾವ ಮಗುವೂ ಕೇಳಲಿಲ್ಲ. ಇಷ್ಟೆಲ್ಲಾ ಮನುಷ್ಯರಾದ ಮೇಲೂ ಮಕ್ಕಳು ಅಡುಗೆಮನೆಯ ಹೊಸ್ತಿಲು ದಾಟುವಂತಿರಲಿಲ್ಲ. ಸರಸ್ವತಮ್ಮ ಸಾರನ್ನು ಎತ್ತರದಿಂದ ಸುರಿಯುತ್ತಿದ್ದರು, ತಟ್ಟೆಗೆ ಸೌಟು ತಾಕದಂತೆ. ಆ ಕೈಚಳಕಕ್ಕೆ ಸರ್ಕಸ್ಸಿನಲ್ಲಾದರೆ ಟಿಕೆಟ್ಟು ಇಡಬಹುದಿತ್ತು.

ಅಪ್ಪ ಮೊದಮೊದಲು ಭಾನುವಾರಗಳಲ್ಲಿ ಗೇಟಿಗೆ ಬರುತ್ತಿದ್ದ. ಗೇಟಿನ ಸರಳಿನ ಆಚೆ ಅವನು, ಈಚೆ ಇವಳು. ಒಂದೆರಡು ವರ್ಷದಲ್ಲಿ ಅವನ ಮಾತು ಅವಳಿಗೆ ಅರ್ಧ ತಿಳಿಯದಾಯಿತು. ಆಮೇಲೆ ಅವನ ಬಟ್ಟೆಯ ವಾಸನೆಗೆ ಅವಳು ಮೂಗು ಮುಚ್ಚಿಕೊಳ್ಳತೊಡಗಿದಳು. ಹಾಗೆ ಮೂಗು ಮುಚ್ಚಿದ್ದನ್ನು ಕಂಡು ಸರಸ್ವತಮ್ಮ ಅವಳ ತಲೆ ಸವರಿದರು. ಅವರು ಆ ಮಗುವನ್ನು ಮುಟ್ಟಿದ್ದು ಅದೇ ಮೊದಲು. ತಾಯಿ ಜ್ವರ ಬಂದು ತೀರಿಕೊಂಡ ಸುದ್ದಿಯನ್ನು ಹಾಸ್ಟೆಲಿನವರು ತಡವಾಗಿ ಹೇಳಿದರು, ಏಕೆಂದರೆ ಪರೀಕ್ಷೆ ನಡೆಯುತ್ತಿತ್ತು. ಶಕುಂತಲಾ ಆ ಪರೀಕ್ಷೆಯಲ್ಲಿ ಪಾಸಾದಳು.

ಇನ್ನು ಲಂಗದ ವಿಷಯ.

ಅಮಲ್ದಾರನ ಮನೆತನದ ದೇವಿಗೆ ಗುಡಿ ಇಲ್ಲ. ಅವಳು ಇರುವುದು ಒಂದು ಗಂಟಿನಲ್ಲಿ. ಗಂಟಿನೊಳಗೆ ಅಂಗೈಯಗಲದ ಬೆಳ್ಳಿಯ ತಗಡಿನ ಮೂರ್ತಿ, ನವಿಲುಗರಿ, ಜೊತೆಗೆ ದೇವಿಯ ಲಂಗ. ಪ್ರತಿ ಪೂಜೆಯಲ್ಲೂ ಬಲಿಗೊಟ್ಟ ಹೋತದ ರಕ್ತದಲ್ಲಿ ಆ ಲಂಗ ಅದ್ದಿ ಒಣಗಿಸುತ್ತಾರೆ. ಅದನ್ನು ಯಾವತ್ತೂ ಒಗೆಯುವುದಿಲ್ಲ. ತಾತನ ಕಾಲದ ರಕ್ತದ ಮೇಲೆ ಅಪ್ಪನ ಕಾಲದ ರಕ್ತ ಕೂತು ಬಟ್ಟೆ ಮರದ ತೊಗಟೆಯಂತಾಗಿರುತ್ತದೆ. ಆ ತೊಗಟೆಯೇ ದೇವಿ, ಅದೇ ವಂಶ. ಹೆಣ್ಣು ಕೊಡುವವರು ತರುವವರು ಮೊದಲು ಕೇಳುವುದು ‘ನಿಮ್ಮ ತಾಯಿ ಎಲ್ಲಿ’ ಎಂದು. ತೋರಿಸಲು ಗಂಟು ಇಲ್ಲದವನಿಗೆ ಕುಲವೂ ಇಲ್ಲ, ನಂಟೂ ಇಲ್ಲ. ಹೆಂಗಸರಂತೂ ಆ ಗಂಟನ್ನು ಮುಟ್ಟುವುದಿರಲಿ, ಬಿಚ್ಚಿದಾಗ ನೋಡುವುದೂ ಇಲ್ಲ. ಐದು ವರ್ಷಕ್ಕೆ ಜೀಪು ಹತ್ತಿದ ಹುಡುಗಿಗೆ ಇದು ಗೊತ್ತಿರಲು ಸಾಧ್ಯವೇ ಇರಲಿಲ್ಲ.

ಎಂಬತ್ತೊಂದರಲ್ಲಿ ಬೆಳ್ಳಾವಿಯ ಕಾಲೋನಿಯಲ್ಲಿ ಸಮಿತಿ ಭಜನಾ ಮಂದಿರ ಕಟ್ಟಿಸಿತು. ಅದರ ಬೆನ್ನಿಗೆ ವೆಂಕಟೇಶಯ್ಯ ಅಮಲ್ದಾರನ ಮನೆ ಬಾಗಿಲಿಗೆ ಬಂದರು. ನಿಮ್ಮ ದೇವಿಯನ್ನು ಸ್ವಲ್ಪ ದಿನ ನಮಗೆ ಕೊಡಿ, ಪೂಜೆ ಮಾಡಿಸಿ ವಾರ್ಷಿಕೋತ್ಸವದ ದಿನ ಗೌರವದಿಂದ ಹಿಂದಕ್ಕೆ ಕೊಡುತ್ತೇವೆ ಎಂದರು. ಮನೆಯ ಹಕ್ಕುಪತ್ರವೂ ಅದೇ ದಿನ ಎಂದೂ ಸೇರಿಸಿದರು. ಅಮಲ್ದಾರ ಯೋಚಿಸಿದ. ದೇವಿಗೆ ಒಂದು ಹೆಚ್ಚಿನ ಪೂಜೆಯಾದರೆ ನಷ್ಟವೇನು? ಬ್ರಾಹ್ಮಣರ ಕೈಯ ತೆಂಗಿನಕಾಯಿಯನ್ನು ತಾಯಿ ಬೇಡ ಎನ್ನುತ್ತಾಳೆಯೇ? ಗಂಟು ಕೊಟ್ಟ.

ಸರಸ್ವತಮ್ಮ ಹಾಸ್ಟೆಲಿನ ಹಿತ್ತಿಲಿನಲ್ಲಿ ಗಂಟು ಬಿಚ್ಚಿದರು. ಬಿಚ್ಚಿ ಎರಡು ಹೆಜ್ಜೆ ಹಿಂದೆ ಸರಿದರು. ಆಮೇಲೆ ಅವರ ಕಣ್ಣಿನಲ್ಲಿ ನಿಜವಾಗಿಯೂ ನೀರು ಬಂತು, ಸುಳ್ಳು ಹೇಳಬಾರದು.

“ಅಯ್ಯೋ ಪಾಪವೇ, ದೇವರಿಗೂ ಒಂದು ಒಗೆದ ಬಟ್ಟೆ ಕೊಡ್ಲಿಲ್ವಲ್ಲೇ ಈ ಜನ! ಶಕುಂತಲಾ, ಬಾರೇ ಇಲ್ಲಿ. ನಿಮ್ಮ ದೇವಿ ಸೇವೆ ನಿನ್ನ ಕೈಯಿಂದಲೇ ಆಗಲಿ. ಸೋಡಾ ಹಾಕಿ ನೆನೆಸು, ಆಮೇಲೆ ಬಾರ್ ಸೋಪು. ನೀಲಿ ಮರೀಬೇಡ.”

ಒಗೆಯುವುದರಲ್ಲಿ ಹನ್ನೊಂದು ವರ್ಷದ ಶಕುಂತಲೆಯನ್ನು ಮೀರಿಸುವವರು ಹಾಸ್ಟೆಲಿನಲ್ಲಿ ಇರಲಿಲ್ಲ. ಅವಳು ಬಿಸಿನೀರಿನಲ್ಲಿ ಲಂಗವನ್ನು ನೆನೆಸಿದಳು. ನೀರು ಮೊದಲು ಕಂದಾಯಿತು, ಆಮೇಲೆ ಕೆಂಪಾಯಿತು. ಏನೋ ವಾಸನೆ ಎದ್ದಿತು. ಅದು ಅಸಹ್ಯವಾಗಬೇಕಿತ್ತು, ಆದರೆ ಆಗಲಿಲ್ಲ. ಎಲ್ಲೋ ಗೊತ್ತಿರುವ ವಾಸನೆ, ಯಾರದೋ ಹೆಗಲ ಮೇಲೆ ಕೂತಿದ್ದಾಗಿನದು. ಅವಳಿಗೆ ಕಾರಣವಿಲ್ಲದೆ ಅಳು ಬಂತು. ಅಮ್ಮಾವ್ರು ನೋಡಿಯಾರು ಎಂದು ಹೆದರಿ ಇನ್ನೂ ಜೋರಾಗಿ ಕುಕ್ಕಿದಳು. ನೀರು ಬದಲಾಯಿಸಿ ಬದಲಾಯಿಸಿ, ಕಲ್ಲಿಗೆ ಬಡಿದು ಬಡಿದು, ಸಂಜೆಯ ಹೊತ್ತಿಗೆ ಒಳಗಿನಿಂದ ಹಳದಿ ಹೂವಿನ ಚೀಟಿ ಬಟ್ಟೆ ಹೊರಬಂತು. ಅದನ್ನು ಅಮಲ್ದಾರನ ತಾತನ ನಂತರ ಯಾರೂ ನೋಡಿರಲಿಲ್ಲ. ಗಂಜಿ ಹಾಕಿದಳು, ಮಡಿಕೆ ಕೂರುವಂತೆ ಇಸ್ತ್ರಿ ಮಾಡಿದಳು. ಸರಸ್ವತಮ್ಮ ನುಸಿಗುಳಿಗೆ ಇಟ್ಟು, ಮೂರ್ತಿ ನವಿಲುಗರಿಯ ಜೊತೆ ಪೆಟ್ಟಿಗೆಗೆ ಹಾಕಿದರು.

ವಾರ್ಷಿಕೋತ್ಸವಕ್ಕೆ ತುಮಕೂರಿನ ಗಣ್ಯರೆಲ್ಲ ಬಂದಿದ್ದರು. ಮೊದಲ ಸಾಲಿನಲ್ಲಿ ಅಮಲ್ದಾರ, ಕೊರಳಲ್ಲಿ ಗಂಧದ ಹಾರ. ಅವನಿಗೂ ಅಷ್ಟು ಹೊತ್ತಿಗೆ ಅಡವಿಯಪ್ಪ ಎಂದು ಹೆಸರು ಬದಲಾಗಿತ್ತು. ಅವನನ್ನು ಆ ಹೆಸರಿನಿಂದ ಕೂಗಿದಾಗ ಅವನು ಪಕ್ಕದವರನ್ನು ನೋಡಿದ. ವೆಂಕಟೇಶಯ್ಯ ಪೆಟ್ಟಿಗೆ ತೆರೆದು ಲಂಗವನ್ನು ಎತ್ತಿ ಹಿಡಿದರು.

“ಮಹನೀಯರೇ, ಮೂರು ತಲೆಮಾರಿನ ಕೊಳೆ! ಯಾರು ತೊಳೆದರು? ನಾವಲ್ಲ. ಅದೇ ಕುಲದ ಈ ಬಾಲಕಿ, ಕುಮಾರಿ ಶಕುಂತಲಾ, ತನ್ನ ಕೈಯಾರೆ ತೊಳೆದಳು!”

ಚಪ್ಪಾಳೆ ಬಿತ್ತು. ಶಕುಂತಲೆಗೆ ಸ್ಟೀಲಿನ ಚೊಂಬು ಬಹುಮಾನವಾಗಿ ಬಂತು. ಜೀವನದಲ್ಲಿ ಮೊದಲ ಬಾರಿಗೆ ಅಷ್ಟು ಜನ ಅವಳನ್ನು ನೋಡಿ ಸಂತೋಷಪಟ್ಟಿದ್ದರು, ಅವಳೂ ಹಿಗ್ಗಿದಳು. ಅಮಲ್ದಾರ ಎದ್ದು ವೇದಿಕೆಗೆ ಬಂದ. ಲಂಗವನ್ನು ಮುಟ್ಟಿದ, ಮೂಸಿದ, ತಿರುಗಿಸಿ ನೋಡಿದ. ಪೆಟ್ಟಿಗೆಯೊಳಗೆ ಮೂರ್ತಿ, ನವಿಲುಗರಿ ಬಿಟ್ಟು ಬೇರೇನಾದರೂ ಇದೆಯೇ ಎಂದು ಕೈ ಹಾಕಿ ಹುಡುಕಿದ.

“ಲಂಗ ಚೆನ್ನಾಗೈತೆ ಸಾಮಿ,” ಎಂದ. “ನಮ್ ತಾಯಿ ಎಲ್ಲಿ?”

ಮೈಕಿಗೆ ಅದು ಸಿಗಲಿಲ್ಲ. ವೆಂಕಟೇಶಯ್ಯ ಸಭೆಗೆ ತಿಳಿಸಿದರು: “ಆನಂದದಿಂದ ಅವರಿಗೆ ಮಾತೇ ಹೊರಡುತ್ತಿಲ್ಲ.” ಮತ್ತೆ ಚಪ್ಪಾಳೆ. ಅಮಲ್ದಾರ ಮಗಳ ಕಡೆ ಒಂದು ಸಲ ನೋಡಿದ. ಆ ನೋಟದಲ್ಲಿ ಕೋಪವಿದ್ದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು. ಯಾರದೋ ಮಗುವನ್ನು ನೋಡುವಂತೆ ನೋಡಿ, ಲಂಗವನ್ನೂ ಮೂರ್ತಿಯನ್ನೂ ಪಂಚೆಯ ಸೆರಗಿನಲ್ಲಿ ಸುತ್ತಿಕೊಂಡು ಬೆಳ್ಳಾವಿಯ ಬಸ್ಸು ಹತ್ತಿದ. ಗಂಧದ ಹಾರವನ್ನು ಕುರ್ಚಿಯ ಮೇಲೆ ಬಿಟ್ಟಿದ್ದ. ಹಕ್ಕುಪತ್ರವನ್ನು ಸಮಿತಿ ಮರೆತಿತ್ತು.

ಕುಲದವರು ಸೇರಿದರು. ಹೈಕೋರ್ಟ್ ತೀರ್ಪು ಕೊಟ್ಟ. ತಾಯಿಯನ್ನು ಮತ್ತೆ ಎಬ್ಬಿಸಬಹುದು, ಹೊಸದಾಗಿ ಹೋತ ಕೊಟ್ಟು ಲಂಗ ಅದ್ದಬಹುದು. ಆದರೆ ಯಾರ ಕೈ ತಾಯಿಯನ್ನು ತೊಳೆಯಿತೋ ಆ ಕೈಯೇ ಬಂದು ಬಲಿಯ ಪಾಲು ಇಸಿದುಕೊಂಡು ತಿನ್ನಬೇಕು. ಅಲ್ಲಿಯವರೆಗೆ ಅಮಲ್ದಾರನ ಮನೆಗೆ ಹೆಣ್ಣು ಕೊಡುವ ಹಾಗಿಲ್ಲ, ಅವನ ಮನೆಯಿಂದ ತರುವ ಹಾಗಿಲ್ಲ. ಅವನ ತಮ್ಮಂದಿರ ಮಕ್ಕಳಿಗೂ ಇದೇ ಗತಿ.

ಅಮಲ್ದಾರ ಹಾಸ್ಟೆಲಿಗೆ ಬಂದು, ಮಗಳನ್ನು ಒಂದು ದಿನ ಕಳಿಸಿಕೊಡಿ ಎಂದು ಬೇಡಿದ. “ರಕ್ತಕ್ಕೆ ಕಳಿಸೋದೇ? ಸಾಧ್ಯವೇ ಇಲ್ಲ,” ಎಂದರು ವೆಂಕಟೇಶಯ್ಯ. ಸರಸ್ವತಮ್ಮ ಒಳಗೆ ಹೋಗಿ, ನಿಮ್ಮಪ್ಪ ನಿನಗೆ ಆಡು ತಿನ್ನಿಸೋಕೆ ಕರೀತಿದಾನೆ, ಹೋಗ್ತೀಯೇನೇ ಎಂದು ಕೇಳಿದರು. ಶಕುಂತಲೆಗೆ ಮೈ ಜುಮ್ಮೆಂದಿತು. “ಬರಲ್ಲ ಅಂತ ಹೇಳಿ ಅಮ್ಮಾವ್ರೆ,” ಎಂದಳು. ಅಪ್ಪ ಮತ್ತೆ ಬರಲಿಲ್ಲ.

ಹೀಗೆ ಅವಳು ಹದಿನೆಂಟು ದಾಟಿದಳು. ಹತ್ತನೇ ಕ್ಲಾಸು ಮುಗಿಯಿತು. ಮುಂದೆ ಓದಿಸುವ ಮಾತು ಬಂದಾಗ ಸರಸ್ವತಮ್ಮನಿಗೆ ಸೊಂಟ ನೋವು ಶುರುವಾಯಿತು. ಶಕುಂತಲಾ ಹಾಸ್ಟೆಲು ಬಿಟ್ಟು ಅವರ ಮನೆಯಲ್ಲೇ ಉಳಿದಳು, ‘ಮನೆ ಮಗಳ ಹಾಗೆ’. ಮನೆ ಮಗಳು ಬಟ್ಟೆ ಒಗೆದಳು, ಪಾತ್ರೆ ತಿಕ್ಕಿದಳು, ಹಿತ್ತಿಲ ಕೋಣೆಯಲ್ಲಿ ಮಲಗಿದಳು. ತಿಕ್ಕಿದ ಪಾತ್ರೆಯ ಮೇಲೆ ಅಮ್ಮಾವ್ರು ಇನ್ನೊಮ್ಮೆ ನೀರು ಚಿಮುಕಿಸಿ ಒಳಗೆ ತೆಗೆದುಕೊಳ್ಳುತ್ತಿದ್ದರು. ಅತಿಥಿಗಳು ಬಂದಾಗ ಮಾತ್ರ ಶಕುಂತಲಾ ನಡುಮನೆಗೆ ಬಂದು ಶ್ಲೋಕ ಹೇಳಬೇಕಿತ್ತು. ಅವಳ ಉಚ್ಚಾರದಲ್ಲಿ ತಿದ್ದಲು ವೆಂಕಟೇಶಯ್ಯನವರಿಗೆ ಕೂಡ ಏನೂ ಉಳಿದಿರಲಿಲ್ಲ.

ಒಂದು ದಿನ ಬಸ್ ಸ್ಟ್ಯಾಂಡಿನ ಹತ್ತಿರ ಸೋಪು ತರಲು ಹೋದಾಗ ಹಿಂದಿನಿಂದ ಯಾರೋ “ಸೀಟಿ!” ಎಂದು ಕೂಗಿದರು. ಅವಳ ಕಾಲು ತಾನಾಗಿಯೇ ನಿಂತಿತು. ತಿರುಗಿ ನೋಡಿದರೆ ಕೂದಲಿನ ಎಣ್ಣೆ ಬಾಟಲಿಗಳನ್ನು ಬಟ್ಟೆಯ ಮೇಲೆ ಹರಡಿಕೊಂಡು ಕೂತ ಒಬ್ಬ ಹುಡುಗ. ಅವನು ವಾಗ್ರಿಯಲ್ಲಿ ಏನೋ ಹೇಳಿದ. ಅವಳಿಗೆ ಒಂದು ಪದವೂ ತಿಳಿಯಲಿಲ್ಲ. ಅವನು ಕನ್ನಡಕ್ಕೆ ಇಳಿದ.

“ನಾನು ಮೋಟಾರ್. ನಿಮ್ಮ ಸೋದರತ್ತೆ ಮಗ. ಕೊತ್ತಗೆರೆ ಕಡೇಲಿ ಇದೀವಿ. ನಿನ್ ಮೂಗು ನಮ್ಮ ಅವ್ವನ್ ಮೂಗು, ಅದ್ಕೇ ಗುರ್ತು ಸಿಕ್ತು.”

ಆಮೇಲೆ ಸೋಪು ಬೇಗ ಬೇಗ ಖರ್ಚಾಗತೊಡಗಿತು. ಮೋಟಾರ್ ನಗಿಸುತ್ತಿದ್ದ. ಬೋಳುತಲೆಯವನಿಗೆ ಕೂದಲೆಣ್ಣೆ ಮಾರಿ, ಅವನು ಜಗಳಕ್ಕೆ ಬಂದಾಗ ಇನ್ನೊಂದು ಬಾಟಲಿ ಮಾರಿದ ಕಥೆ ಹೇಳುತ್ತಿದ್ದ. ಒಂದು ದಿನ ನಗಿಸದೆ ಹೇಳಿದ.

“ನಮ್ಮವ್ವ ನಿನ್ನೇ ತರ್ಬೇಕು ಅಂತ ಆಸೆ ಇಟ್ಕೊಂಡವ್ಳೆ. ನಂಗೂ ಅದೇ. ಆದ್ರೆ ನೀನು ಆ ಲಂಗ ಒಗ್ದಾಗಿಂದ ನಿಮ್ಮಪ್ಪನ ಮನೇಲಿ ತಾಯಿ ಇಲ್ಲ. ನೀನ್ ಬಂದು ಪಾಲು ತಿಂದ್ರೆ ತಾಯಿ ಏಳ್ತಾಳೆ. ಇಲ್ಲಾಂದ್ರೆ ಇಲ್ಲ.”

ತಾನು ಒಗೆದದ್ದು ಏನು ಎಂದು ಅವಳಿಗೆ ತಿಳಿದದ್ದು ಆವತ್ತು, ಬಸ್ ಸ್ಟ್ಯಾಂಡಿನಲ್ಲಿ, ಕೈಯಲ್ಲಿ ಬಾರ್ ಸೋಪು ಹಿಡಿದುಕೊಂಡಿದ್ದಾಗ. ಅಪ್ಪನ ಆ ನೋಟ ನೆನಪಾಯಿತು. ಮೋಟಾರಿನ ಜೊತೆ ಹೋಗಬೇಕು ಅನಿಸಿತು. ತಿನ್ನಬೇಕು ಎನ್ನುವುದೊಂದನ್ನು ಮಾತ್ರ ಒಪ್ಪಲಾಗಲಿಲ್ಲ. ಯೋಚಿಸಿ ಹೇಳುತ್ತೇನೆ ಎಂದು ಮನೆಗೆ ಬಂದಳು.

ಅವಳು ಯೋಚಿಸುವ ಕಷ್ಟವನ್ನು ಸಮಿತಿಯೇ ತಪ್ಪಿಸಿತು. ಬೆಳೆದ ಹುಡುಗಿಗೆ ಒಂದು ದಾರಿ ಮಾಡಬೇಕು, ಆದರ್ಶ ವಿವಾಹ ಮಾಡೋಣ ಎಂದು ವೆಂಕಟೇಶಯ್ಯನವರ ನಡುಮನೆಯಲ್ಲಿ ಸಭೆ ಸೇರಿತು. ಶಕುಂತಲಾ ಹಿತ್ತಿಲ ಬಾಗಿಲಿನಲ್ಲಿ ಕಾಫಿ ಲೋಟಗಳನ್ನು ತಿಕ್ಕುತ್ತಿದ್ದಳು. ಎಲ್ಲವೂ ಕೇಳಿಸುತ್ತಿತ್ತು.

“ಈಕೆ ಈಗ ಸಂಪೂರ್ಣವಾಗಿ ನಮ್ಮವಳು,” ಎಂದರು ವೆಂಕಟೇಶಯ್ಯ. “ಆಚಾರದಲ್ಲಿ, ಆಹಾರದಲ್ಲಿ, ಉಚ್ಚಾರದಲ್ಲಿ. ನಮ್ಮ ಯುವಕರು ಮುಂದೆ ಬರಬೇಕು.”

ಯುವಕರು ತಾರಸಿಯನ್ನು ನೋಡಿದರು. ತಾರಸಿಯಲ್ಲಿ ಅಂಥದ್ದೇನೂ ಇರಲಿಲ್ಲ. ಸಮಿತಿಯ ಖಜಾಂಚಿ ಲಕ್ಷ್ಮೀನರಸಿಂಹಯ್ಯ ಸ್ವಲ್ಪ ಕುಚೋದ್ಯದ ಮನುಷ್ಯ. ಅವರು ಗಂಟಲು ಸರಿಮಾಡಿಕೊಂಡರು.

“ದೂರ ಯಾಕೆ ಹುಡುಕ್ಬೇಕು ಮೇಷ್ಟ್ರೇ? ನಮ್ಮ ಸುಬ್ಬಕೃಷ್ಣನಿಗೂ ಮೂವತ್ತಾಯ್ತಲ್ಲ.”

ಸುಬ್ಬಕೃಷ್ಣ ವೆಂಕಟೇಶಯ್ಯನವರ ಮಗ, ಅಂತರಸನಹಳ್ಳಿಯ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರು, ಜಾತಕಗಳು ಕೂಡದೆ ಹಾಗೇ ಉಳಿದಿದ್ದ. ವೆಂಕಟೇಶಯ್ಯನವರಿಗೆ ಕೆಮ್ಮು ಬಂತು. ಎಂಥ ಕೆಮ್ಮು! ಸರಸ್ವತಮ್ಮ ಒಳಗಿನಿಂದ ಓಡಿಬಂದು ಬೆನ್ನು ತಟ್ಟಬೇಕಾಯಿತು. ಸುಬ್ಬಕೃಷ್ಣ ಸೈಕಲ್ಲು ಏರಿ ಎಲ್ಲೋ ಹೊರಟುಹೋದ. ಕೆಮ್ಮು ನಿಂತ ಮೇಲೆ ವೆಂಕಟೇಶಯ್ಯ ದನಿ ತಗ್ಗಿಸಿದರು.

“ನೋಡಿ, ಸಮಾಜಸೇವೆ ಬೇರೆ, ಮನೆತನ ಬೇರೆ. ಮನೇಲಿ ದೇವರ ಪೆಟ್ಟಿಗೆ ಇದೆ, ಪಿತೃಗಳಿಗೆ ಪಿಂಡ ಇಡಬೇಕು. ನಾಳೆ ವಂಶ ಅಂತ ಒಂದು ಇರತ್ತಲ್ಲ?”

ಎಲ್ಲರೂ ತಲೆಯಾಡಿಸಿದರು. ವಂಶ ಅಂತ ಒಂದು ಇರುತ್ತದೆ, ಆ ಮಾತಿನಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಹಿತ್ತಿಲಿನಲ್ಲಿದ್ದವಳಿಗೂ ಇರಲಿಲ್ಲ. ಅವಳು ತಿಕ್ಕುತ್ತಿದ್ದ ಲೋಟವನ್ನು ಬೂದಿ ಸಮೇತ ಕಲ್ಲಿನ ಮೇಲಿಟ್ಟು, ಕೈ ತೊಳೆದುಕೊಂಡು, ನಡುಮನೆಯ ಮೂಲಕವೇ ಹೊರಟಳು.

“ಎಲ್ಲಿಗೇ?” ಎಂದರು ಸರಸ್ವತಮ್ಮ.

“ನಮ್ಮಪ್ಪನ ಮನೆಗೆ ಅಮ್ಮಾವ್ರೆ. ನಮಗೂ ಒಂದು ದೇವರ ಪೆಟ್ಟಿಗೆ ಇತ್ತು.”

ಅವಳು ಹೋದ ಮೇಲೆ ಸರಸ್ವತಮ್ಮ ಕಣ್ಣೀರಿಟ್ಟರು. ಹೆತ್ತ ಮಗಳಿಗಿಂತ ಹೆಚ್ಚಾಗಿ ನೋಡಿಕೊಂಡಿದ್ದೆನಲ್ಲ ಎಂದರು. ನೆನೆಸಿಟ್ಟ ಬಟ್ಟೆ ಎರಡು ಬಕೆಟ್ಟು ಹಾಗೇ ಇತ್ತು.

ಬೆಳ್ಳಾವಿಯ ಕಾಲೋನಿಯಲ್ಲಿ ಅವಳನ್ನು ಕಂಡವರು ಎದ್ದು ನಿಂತರು. ಚಾಪೆ ಹಾಸಿದರು. “ಬನ್ನಿ ಮೇಡಂ, ಕುಂತ್ಕಳಿ,” ಎಂದಳು ಚಿಕ್ಕಪ್ಪನ ಹೆಂಡತಿ. ಸಮಿತಿಯಿಂದ ಯಾರೋ ಬಂದಿದ್ದಾರೆ ಎಂದು ಮಕ್ಕಳು ಮುಖ ತೊಳೆದುಕೊಂಡು ಬಂದು ಸಾಲಾಗಿ ನಿಂತವು. ಅಮಲ್ದಾರ ಒಳಗಿನಿಂದ ಬಂದ. ಮುದುಕನಾಗಿದ್ದ.

“ನಾನು ಪಾಲು ತಿಂತೀನಿ ಅಪ್ಪ,” ಎಂದಳು, ಪೀಠಿಕೆ ಇಲ್ಲದೆ.

ಅವನು ಕನ್ನಡದಲ್ಲೇ, ಅಂಗಡಿಯವರ ಹತ್ತಿರ ಮಾತಾಡುವ ಹಾಗೆ ಎಚ್ಚರದಿಂದ ಕೇಳಿದ. “ಆಗ್ತೈತಾ ನಿಮ್ ಕೈಲಿ?”

ತಂದೆ ತನ್ನನ್ನು ನೀವು ಎಂದದ್ದು ಕೇಳಿ ಅವಳ ಎದೆಗೆ ಚುಚ್ಚಿದಂತಾಯಿತು. “ಆಗ್ತೈತೆ,” ಎಂದಳು.

ಕಾಲೋನಿಯಲ್ಲಿ ಬಲಿ ಕೊಡುವಂತಿರಲಿಲ್ಲ. ಭಜನಾ ಮಂದಿರದ ಕಾವಲುಗಾರ ಸಮಿತಿಯ ಕಣ್ಣು ಕಿವಿಯಾಗಿದ್ದ, ಸಾರಿನ ವಾಸನೆ ಬಂದರೂ ತುಮಕೂರಿಗೆ ಸುದ್ದಿ ಮುಟ್ಟಿಸುತ್ತಿದ್ದ. ಆದ್ದರಿಂದ ಎಲ್ಲರೂ ಕುಣಿಗಲ್ ಮೇಲೆ ಕೊತ್ತಗೆರೆಯ ಆಚೆ, ಮೋಟಾರಿನ ಗುಡಾರಗಳಿದ್ದ ಬಯಲಿಗೆ ಹೋದರು. ಒಂದು ಹೊಂಗೆಮರದ ಕೆಳಗೆ ಜಾಗ ಬಳಿದರು. ಹೆಂಗಸರು ಬೆನ್ನು ತಿರುಗಿಸಿ ಕೂತರು, ಸೀಟಿಯೂ ಕೂತಳು. ಹಿಂದೆ ಹೋತದ ಕೂಗು ಕೇಳಿಸಿತು, ಆಮೇಲೆ ಕೇಳಿಸಲಿಲ್ಲ. ಬಿಸಿ ರಕ್ತದ ಬೋಗುಣಿಯಲ್ಲಿ ಅಮಲ್ದಾರ ಲಂಗ ಅದ್ದಿದ. ಬಟ್ಟೆಗೆ ಗಂಜಿ ಕೂತಿತ್ತು, ರಕ್ತ ಹನಿಹನಿಯಾಗಿ ಮೇಲೇ ನಿಂತಿತು. ಅವನು ಕೂತುಕೊಂಡು ಎರಡೂ ಕೈಯಲ್ಲಿ ಉಜ್ಜಿ ಉಜ್ಜಿ ಕುಡಿಸಬೇಕಾಯಿತು. ಉಜ್ಜುವ ಸದ್ದು ಸೀಟಿಗೆ ಕೇಳಿಸುತ್ತಿತ್ತು. ತನ್ನ ಕೆಲಸ ಎಷ್ಟು ಗಟ್ಟಿಯಾಗಿತ್ತು ಎಂದು ಅವಳು ಹಲ್ಲು ಕಚ್ಚಿಕೊಂಡು ಕೇಳಿದಳು.

ಮಧ್ಯಾಹ್ನಕ್ಕೆ ಮಾಂಸ ಬೆಂದಿತು. ಉಪ್ಪು ಖಾರ ಬಿಟ್ಟರೆ ಬೇರೇನೂ ಹಾಕಿರಲಿಲ್ಲ. ಎಲ್ಲರೂ ವೃತ್ತವಾಗಿ ಕೂತರು. ಮೊದಲ ಪಾಲು ಅವಳದ್ದು. ಮುತ್ತುಗದ ಎಲೆಯ ಮೇಲೆ ನಾಲ್ಕು ತುಂಡು, ಒಂದರಲ್ಲಿ ಮೂಳೆ ಇತ್ತು. ಮೋಟಾರ್ ದೂರದಲ್ಲಿ ನಿಂತು ಉಗುರು ಕಚ್ಚುತ್ತಿದ್ದ. ಅವನ ತಾಯಿ, ಅಂದರೆ ಸೋದರತ್ತೆ, ಪಕ್ಕದಲ್ಲೇ ಕೂತಿದ್ದಳು. ಸೀಟಿ ಒಂದು ತುಂಡು ಎತ್ತಿ ಬಾಯಿಗಿಟ್ಟಳು. ಅಗಿದಳು. ನಾನು ಮನುಷ್ಯ, ನಾನು ಮನುಷ್ಯ ಎಂದು ಒಳಗೆ ಯಾರೋ ಮಕ್ಕಳು ಗಟ್ಟಿಯಾಗಿ ಹೇಳುತ್ತಿದ್ದರು. ಬಾಯಿ ಮುಚ್ಚಿ ಎಂದು ಅವರಿಗೆ ಬೈದುಕೊಂಡಳು. ನುಂಗಿದಳು. ಒಂದು ಕ್ಷಣ ಎಲ್ಲವೂ ಸರಿ ಎನಿಸಿತು. ಮರುಕ್ಷಣ ಎದ್ದು ಮರದ ಬುಡಕ್ಕೆ ಓಡಿ ವಾಂತಿ ಮಾಡಿಕೊಂಡಳು. ತುಂಡೂ ಹೋಯಿತು, ಬೆಳಿಗ್ಗೆಯ ನೀರೂ ಹೋಯಿತು. ಇನ್ನೇನೂ ಇಲ್ಲ ಎಂದಾದ ಮೇಲೂ ಹೊಟ್ಟೆ ಹಿಂಡುತ್ತಲೇ ಇತ್ತು.

ಅಮಲ್ದಾರ ನೆಲ ನೋಡುತ್ತಿದ್ದ. ತಾಯಿ ಬೇಡ ಎಂದಳೇ? ಎಲ್ಲರೂ ಹೈಕೋರ್ಟಿನ ಮುಖ ನೋಡಿದರು. ಮುದುಕ ಬೀಡಿ ಹಚ್ಚಿಕೊಂಡು ನಿಧಾನವಾಗಿ ಎಳೆದ. ಒಳ್ಳೆಯ ಮನುಷ್ಯ, ಬೇರೆಯವರ ಕಷ್ಟ ಕಂಡವನು. ಅವನಿಗೆ ಈ ಹುಡುಗಿಯನ್ನು ಕಳೆದುಕೊಳ್ಳುವ ಮನಸ್ಸಿರಲಿಲ್ಲ.

“ಬಾಯಿಗೆ ಇಕ್ಕಂಡ್ಲು. ನುಂಗುದ್ಲು. ಅಷ್ಟು ಸಾಕು,” ಎಂದ. “ಪಾಲು ಸಂದಾಯ ಆಯ್ತು, ತಾಯಿ ಎದ್ಲು. ಆ ಹೊಟ್ಟೆ ಐತಲ್ಲ, ಅದು ನಮ್ದಲ್ಲ ಕಣ್ರಪ್ಪ. ಸಮಿತಿಯೋರು ಸಾಕಿದ್ದು, ಅವ್ರುದೇ. ಅದನ್ನ ನಾವ್ ಏನ್ ಕೇಳದು, ಬುಡಿ.”

ಎಲ್ಲರಿಗೂ ಜೀವ ಬಂದಂತಾಯಿತು. ನ್ಯಾಯವಾದ ಮಾತು, ಮದುವೆಗೆ ಅಡ್ಡಿಯಿಲ್ಲ, ಅಮಲ್ದಾರನ ತಮ್ಮಂದಿರ ಮಕ್ಕಳಿಗೂ ದಾರಿಯಾಯಿತು. ಮೋಟಾರ್ ಹಲ್ಲು ಬಿಟ್ಟ. ಹೆಂಗಸರು ತಮ್ಮ ಪಾಲಿಗೆ ಎಲೆ ಚಾಚಿದರು. ಸೀಟಿ ಅಲ್ಲೇ ಸುಮ್ಮನೆ ಕೂತಿದ್ದರೆ ಆಗುತ್ತಿತ್ತು. ಅವಳಿಗೆ ಬೇಕಾದದ್ದೆಲ್ಲ ಸಿಕ್ಕಿತ್ತು.

ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡು ಬಂದು ಎಲೆಯ ಮುಂದೆ ಮತ್ತೆ ಕೂತಳು. ಮೂಳೆ ಇದ್ದ ತುಂಡನ್ನೇ ಎತ್ತಿದಳು.

“ಸಾಕು ಬುಡವ್ವ,” ಎಂದ ಹೈಕೋರ್ಟ್. “ತೀರ್ಪು ಆಗೋಯ್ತು.”

“ತೀರ್ಪು ನಿಮ್ದು ತಾತ,” ಎಂದಳು ಸೀಟಿ. “ಹೊಟ್ಟೆ ನಂದು.”

ಮೂಳೆಯ ಮಾಂಸವನ್ನು ಹಲ್ಲಿನಿಂದ ಕಿತ್ತು ಅಗಿದು ನುಂಗಿದಳು. ಅದು ಮತ್ತೆ ಮೇಲಕ್ಕೆ ಬಂತು. ಎರಡೂ ಕೈಯಿಂದ ಬಾಯಿ ಅದುಮಿ ಹಿಡಿದಳು. ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯಿತು. ಸೋದರತ್ತೆ ಎದ್ದು ಬಂದು ಅವಳ ಬೆನ್ನಿಗೆ ತನ್ನ ಮೊಣಕಾಲು ಆನಿಸಿ ನಿಂತು, ಕೂದಲು ಹಿಂದಕ್ಕೆ ಹಿಡಿದು ಗದರಿದಳು.

“ಉಗೀಬ್ಯಾಡ ಕಣೇ ಮೂದೇವಿ! ನುಂಗು! ನುಂಗೇ!”

ಸೀಟಿ ನುಂಗಿದಳು. ಉಸಿರು ಎಳೆದುಕೊಂಡು ಸ್ವಲ್ಪ ಹೊತ್ತು ಕಾದಳು. ಆಮೇಲೆ ಎಲೆಯ ಮೇಲೆ ಉಳಿದಿದ್ದ ಎರಡು ತುಂಡುಗಳಿಗೆ ಕೈ ಹಾಕಿದಳು.